ಎರಡು ಬೆರಳು ಬಟ್ಟೆ

ಅಕ್ಕ ಗಡಿಹೊಳೆಯ ಸೇತುವೆಯ ಆಚೆ ರವಿಕೆ ಕತ್ತರಿಸುತ್ತಿದ್ದಳು, ತಂಗಿ ಈಚೆ ಹೊಲಿಯುತ್ತಿದ್ದಳು. ಎರಡೂ ದೇಶಗಳು ಒಕ್ಕೂಟ ಮಾಡಿಕೊಂಡು ಗಡಿಯ ಗೇಟು ತೆರೆದ ಕಾಲದಲ್ಲೇ ಅಕ್ಕ ಆಚೆ ದಡಕ್ಕೆ ಮದುವೆಯಾಗಿ ಹೋದದ್ದು. ಪರದೇಶಕ್ಕೆ ಹೆಣ್ಣು ಕೊಟ್ಟೆವೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಬೆಳಿಗ್ಗೆ ಗಾಡಿಯವನು ಕತ್ತರಿಸಿದ ಬಟ್ಟೆಯ ಗಂಟು ತಂದಿಳಿಸುತ್ತಿದ್ದ. ತೋಳು ಎಲ್ಲಿ ಕೂಡಬೇಕು, ನೆರಿಗೆ ಎಲ್ಲಿ ಮಡಿಯಬೇಕು ಎಂದು ತುಂಡುತುಂಡಿಗೂ ಅಕ್ಕನ ಸೀಮೆಸುಣ್ಣದ ಗುರುತು. ಪಕ್ಕದ ಹೊಲಿಗೆಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದು ಅವಳ ಹಟ. ಬಟ್ಟೆ ದಂಡವೆಂದು, ಇಬ್ಬರಿಗೂ ಕೆಲಸ ಕೊಡುತ್ತಿದ್ದ ಈಚೆ ದಡದ ಅಂಗಡಿಯ ಯಜಮಾನ ಗೊಣಗಿದರೆ, "ಹೆಂಗಸರ ಮೈ ಒಂದೇ ಸಮ ಇರುತ್ತಾ ಯಜಮಾನ್ರೇ? ನಾಳೆ ಬಿಚ್ಚಿ ಅಗಲ ಮಾಡ್ಕೊಳ್ಳೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅಕ್ಕ ಒಂಟಿ. ಈಚೆಗೆ ಹೊಟ್ಟೆಯಲ್ಲಿ ಗಡ್ಡೆ. ಫೋನಿನಲ್ಲಿ ಮಾತ್ರ, "ಗುಂಡುಕಲ್ಲಿನ ಹಾಗಿದ್ದೀನಿ ಕಣೇ." ವಾರಕ್ಕೊಮ್ಮೆ ತಂಗಿ ಹೋಗಿ ಅವಳ ತಲೆಗೆ ನೀರೆರೆದು, ಬಾಚಿ, ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಅವಳಿಗೆ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಒಕ್ಕೂಟವನ್ನು ತಿದ್ದಬೇಕೆಂಬ ಚರ್ಚೆ ಎದ್ದಿತು. ಅವರಿಂದ ನಮ್ಮ ಕೂಲಿ ಹೋಯಿತು ಎಂದು ಒಬ್ಬರು, ಅವರ ಪೇಟೆ ಇಲ್ಲದಿದ್ದರೆ ನಮಗೆ ಗಂಜಿಯಿಲ್ಲ ಎಂದು ಇನ್ನೊಬ್ಬರು. ಜನ, ಸರಕು ಎರಡೂ ಈಗಿನಂತೆ ಓಡಾಡಲಿ ಎಂಬುದು ಒಂದು ಪಕ್ಷ. ಸರಕಿಗೆ ಮಾತ್ರ ದಾರಿಯಿರಲಿ, ಜನ ರಾಜಧಾನಿಯಿಂದ ಅನುಮತಿ ತರಲಿ ಎಂಬುದು ಇನ್ನೊಂದು. "ಗಂಡ ಹೆಂಡತಿ ಮುಖ ನೋಡೋದಿಲ್ವಂತೆ, ಅಡುಗೆ ಮಾತ್ರ ಒಂದೇ ಒಲೇಲಂತೆ!" ಎಂದು ಗಾಡಿಯವನು ನಗಾಡಿದ.

ಇದಕ್ಕೆಂದೇ ನೇಮಿಸಿದ ಸಮಿತಿಯೊಂದು ಪುರಭವನದಲ್ಲಿ ಜನರ ಅಭಿಪ್ರಾಯ ಕೇಳುವುದೆಂದಾಯಿತು. ಗೇಟು ಮುಚ್ಚಿದರೆ ಅಕ್ಕನ ತಲೆ ಬಾಚುವವರು ಯಾರು? ಅದನ್ನೇ ಹೇಳಿಬರಬೇಕೆಂದು ತಂಗಿ ಹೆಸರು ಕೊಟ್ಟಳು.

ಯಜಮಾನ ಬಾಗಿಲಲ್ಲೇ ತಡೆದ. "ಅಳೋಕೆ ಹೋಗ್ಬೇಡಮ್ಮ. ಕಣ್ಣೀರು ದಿನಾ ನೋಡ್ತಾರೆ ಅವ್ರು. ವ್ಯಾಪಾರದ ಮಾತಾಡು, ಕಿವಿ ನಿಮಿರುತ್ತೆ."

ಅವಳು ವ್ಯಾಪಾರದ ಮಾತನ್ನೇ ಆಡಿದಳು. ಗಂಟು ಬರುವುದು, ಅಕ್ಕನ ಗುರುತು ನೋಡಿ ತಾನು ಹೊಲಿಯುವುದು, ಹೊಲಿದದ್ದು ಎರಡೂ ದಡದ ಪೇಟೆಗೆ ಹೋಗುವುದು, ಎಲ್ಲವನ್ನೂ ತಡವರಿಸದೆ ಹೇಳಿದಳು. ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು:

"ಅನುಮಾನ ಬಂದಾಗ ಏನ್ಮಾಡ್ತೀರಿ? ಕೇಳೋಕೆ ಆಚೆ ಹೋಗ್ಬೇಕಲ್ವಾ?"

ಹೌದು ಎಂದಿದ್ದರೆ ಸಾಕಿತ್ತು. ಆದರೆ ಅಕ್ಕನ ಗುರುತಿನಲ್ಲಿ ಅನುಮಾನವೇ! ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. "ಇಲ್ಲ ಸಾರ್. ನಮ್ಮಕ್ಕ ಗುರುತು ಹಾಕಿದ್ರೆ ಕುರುಡೀನೂ ಹೊಲೀಬಹುದು. ಇಷ್ಟು ವರ್ಷದಲ್ಲಿ ಕೇಳೋಕೆ ಅಂತ ಹೋಗೋ ಪ್ರಮೇಯಾನೇ ಬಂದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮೈ ಬೆಚ್ಚಗಾಗಿ, ಹೇಳಬೇಕೆಂದು ಬಂದದ್ದು ಹಾಗೇ ಉಳಿಯಿತು. ಅಧ್ಯಕ್ಷರು ಮುಂದಿನವರನ್ನು ಕರೆದಾಗಿತ್ತು.

ಸಮಿತಿಯ ತೀರ್ಮಾನ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಅವಳ ಮಾತೂ ಇತ್ತು: ಜನ ದಾಟದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ. ಸರಕಿನ ಗೇಟು ತೆರೆದೇ ಉಳಿಯಿತು. ಜನರ ಗೇಟಿಗೆ ಬೀಗ ಬಿತ್ತು.

ಅನುಮತಿಗೆಂದು ಕಚೇರಿ ಅಲೆದಳು. ಕಿಟಕಿಯ ಗುಮಾಸ್ತೆ ಅವಳನ್ನು ಗುರುತು ಹಿಡಿದು ನಕ್ಕಳು. "ಪ್ರಮೇಯಾನೇ ಬಂದಿಲ್ಲ ಅಂದವ್ರು ನೀವೇ ಅಲ್ವಾ ಅಮ್ಮ?" ಕುಹಕವೇನಲ್ಲ, ಪ್ರಸಿದ್ಧರನ್ನು ಕಂಡ ಸಂತೋಷ. "ರಾಜಧಾನಿಯಿಂದ ಬರ್ಬೇಕು, ಕಾಯಿರಿ."

ಅವಳು ಕಾದಳು. ಗಂಟುಗಳು ಮಾತ್ರ ಬರುತ್ತಲೇ ಇದ್ದವು. ಸುಣ್ಣದ ಗೆರೆ ನಡುಗತೊಡಗಿದ್ದನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಫೋನಿನಲ್ಲಿ ಕೇಳಿದರೆ, "ಸುಣ್ಣ ಚೆನ್ನಾಗಿಲ್ಲ ಕಣೇ," ಎನ್ನುತ್ತಿದ್ದಳು ಅಕ್ಕ. ಆಮೇಲೆ ಫೋನೂ ಸುಮ್ಮನಾಯಿತು.

ಒಂದು ಬೆಳಿಗ್ಗೆ ಗಂಟು ಬಿಚ್ಚಿದರೆ ಗೆರೆಗಳು ದಪ್ಪಗೆ, ನೇರವಾಗಿ, ಗಟ್ಟಿ ಕೈಯಿಂದ ಬಿದ್ದಿದ್ದವು. ಒಂದು ಕ್ಷಣ ಜೀವ ಬಂದಂತಾಯಿತು. ನೆರಿಗೆಯ ಜಾಗದಲ್ಲಿ ಗುಣಾಕಾರದ ಚಿಹ್ನೆಯಂಥ ಗುರುತೊಂದಿತ್ತು. ಅದೇನೆಂದು ಅವಳಿಗೆ ತಿಳಿಯಲಿಲ್ಲ. ತುಂಡನ್ನು ತಿರುವಿ ಪಕ್ಕದ ಅಂಚು ನೋಡಿದಳು. ಎರಡು ಬೆರಳಿಟ್ಟು ಅಳೆಯಲು ಹೋದರೆ ಒಂದು ಬೆರಳಿಗೂ ಜಾಗವಿರಲಿಲ್ಲ.

ಗಾಡಿಯವನು ಬಾಗಿಲಲ್ಲೇ ನಿಂತಿದ್ದ.

"ಅಕ್ಕಂಗೆ ಹೇಳಪ್ಪ," ಎಂದಳು. "ಈ ಗುರುತು ನಂಗೆ ಅರ್ಥ ಆಗ್ಲಿಲ್ಲ. ಕೇಳೋಕೆ ನಾನೇ ಬರ್ಬೇಕು ಅಂತ ಹೇಳು."

"ಅಮ್ಮಾ..." ಅವನು ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಿನ್ನೆ ಮಧ್ಯಾಹ್ನಾನೇ ಎಲ್ಲಾ ಮುಗೀತು. ಅಕ್ಕಪಕ್ಕದವ್ರೇ ಮಣ್ಣು ಮಾಡಿದ್ರು. ಇದು ಬೇರೆಯೋರು ಕತ್ತರಿಸಿದ್ದು."

ಅವಳು ಆ ತುಂಡನ್ನು ಮಡಿಲಲ್ಲಿ ಹರವಿ, ಇಲ್ಲದ ಎರಡು ಬೆರಳು ಬಟ್ಟೆಯನ್ನು ಅಂಚಿನಗುಂಟ ಹುಡುಕುತ್ತಲೇ ಇದ್ದಳು.