ಚೂರಿ ಹಾದ ಜಾಗ

ಸತ್ತವರ ನಡುವೆ ಅರ್ಧ ಆಯುಸ್ಸು ಕಳೆದರೂ ಡಾಕ್ಟರ್ ಬೋದ್ನಾರ್ ಎಲೆಮೇರನಿಗೆ ಬದುಕಿದ್ದವರ ಮೆಚ್ಚುಗೆಯ ಚಪಲ ಹೋಗಿರಲಿಲ್ಲ. ತಿಸಾ ನದಿಯ ದಂಡೆಯ ಆ ಆಸ್ಪತ್ರೆಯಲ್ಲಿ ಯಾರು ಸತ್ತರೂ ಶವಪರೀಕ್ಷೆ ತಪ್ಪುತ್ತಿರಲಿಲ್ಲ. ಚಿಕಿತ್ಸೆ ಕೊಟ್ಟ ವೈದ್ಯರು ಕಲ್ಲಿನ ಮೇಜಿನ ಪಕ್ಕ ನಿಂತು, ಚೂರಿ ಇಳಿಯುವ ಮೊದಲೇ, ರೋಗಿ ಏತಕ್ಕೆ ಸತ್ತನೆಂದು ಎಲ್ಲರೆದುರು ಹೇಳಬೇಕು. ಆಮೇಲೆ ಎಲೆಮೇರ್ ತೆರೆದು ನೋಡಿ, ಹೌದೋ ಅಲ್ಲವೋ ಹೇಳುವನು. ಚಪ್ಪಾಳೆ ಯಾರೂ ತಟ್ಟುತ್ತಿರಲಿಲ್ಲ, ಹುಬ್ಬೇರಿಸುತ್ತಿದ್ದರು, ಅಷ್ಟೆ. ಅವನು ಅದನ್ನೇ ಚಪ್ಪಾಳೆಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದ.

ಅಂಗಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುವುದು ಅವನ ಹಟ. ರಾಜಧಾನಿಯಲ್ಲಿ ಕಲಿತು ಬಂದ ಕಿರಿಯರು ಒಂದಕ್ಕೊಂದು ಸೇರಿದವನ್ನು ಹಾಗೇ ಗೊಂಚಲಾಗಿ ಎತ್ತಿ, ನಾಳಗಳನ್ನು ಹಿಂಬದಿಯಿಂದ ಸೀಳಿ ನೋಡುತ್ತಿದ್ದರು. "ಗೊಂಚಲು ಬೇಕಾದ್ರೆ ದ್ರಾಕ್ಷಿ ಕೊಯ್ಲಿಗೆ ಹೋಗ್ರಯ್ಯ" ಎಂದು ಎಲೆಮೇರ್ ಅಣಕಿಸುವನು. ನಿಜ ಹೇಳಬೇಕೆಂದರೆ, ಗೊಂಚಲು ಭಾರ, ಅವನ ಸೊಂಟಕ್ಕೆ ಆಗದು. ಬಿಡಿಸುವುದಾದರೆ ಕೈಚಳಕ ತೋರಿಸಬಹುದು. ಸೊಂಟನೋವಿಗೆ ಅವನು ಸಿದ್ಧಾಂತವೆಂದು ಹೆಸರಿಟ್ಟಿದ್ದ.

ಆ ದಿನ ಮೇಜಿನ ಮೇಲೆ ನಿವೃತ್ತ ರೈಲ್ವೆ ಗಾರ್ಡೊಬ್ಬ ಮಲಗಿದ್ದ. ಅವನ ಪಿತ್ತಕೋಶ ತೆಗೆದಿದ್ದವಳು ಸೆಪೆಶಿ ಪಿರೋಷ್ಕಾ, ಆ ವಿಭಾಗದ ಏಕೈಕ ಹೆಣ್ಣು ಸರ್ಜನ್. ಆಪರೇಷನ್ ಆದ ನಾಲ್ಕನೇ ದಿನ ಹೊಟ್ಟೆಯೊಳಗೆ ಪಿತ್ತ ಸೋರಿ ಅವನು ಸತ್ತಿದ್ದ. ಅವಳ ಮೇಲಧಿಕಾರಿ ಕಾರ್ದೋಶ್ ಕೈಕಟ್ಟಿ ನಿಂತಿದ್ದ.

"ಇವಳ ಕತ್ರಿ ದೊಡ್ಡ ಪಿತ್ತನಾಳಕ್ಕೆ ತಗುಲಿದೆ. ಅದು ಇಲ್ಲಿ ಸಾಬೀತಾದ್ರೆ ನಾಳೆಯಿಂದ ಇವಳು ವಾರ್ಡಲ್ಲಿ ಬ್ಯಾಂಡೇಜ್ ಬದಲಾಯಿಸ್ಲಿ" ಎಂದ.

"ಕತ್ರಿ ತಗುಲಿಲ್ಲ ಸಾರ್. ಪಿತ್ತದ ಕಲ್ಲು ಕೂತು ನಾಳದ ಗೋಡೆ ಮೊದಲೇ ಕೊಳೆತಿತ್ತು. ಅದೇ ಆಮೇಲೆ ತೂತಾಗಿರ್ಬೇಕು" ಎಂದಳು ಪಿರೋಷ್ಕಾ. ಎಲೆಮೇರನ ಕಡೆ ತಿರುಗಿ, ಮೆಲ್ಲಗೆ, "ಎಲೆಮೇರ್ ಬಾಚಿ, ನಿಧಾನ ನೋಡಿ" ಎಂದಳು. ಊರಿನ ಕಿರಿಯರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು, ಮಾಮ ಎಂಬಂತೆ.

ನಿಧಾನ ಎಂಬ ಮಾತೇ ಅವನನ್ನು ಕೆರಳಿಸಿತು. ಸುತ್ತ ನೆರೆದವರೂ ಅಂದು ಹೆಚ್ಚಿದ್ದರು. ಹೃದಯ ತೆಗೆದ, ಶ್ವಾಸಕೋಶ ತೆಗೆದ, ನಡುನಡುವೆ ತಮಾಷೆಯ ಮಾತನ್ನೂ ಆಡಿದ. ಹೊಟ್ಟೆಯ ಹಳದಿ ದ್ರವವನ್ನು ಹೊರಹಾಕಿ, ಎಡಗೈಯಲ್ಲಿ ಯಕೃತ್ತನ್ನು ಎತ್ತಿ ಹಿಡಿದು, ಕರುಳಿಗೂ ಅದಕ್ಕೂ ನಡುವಿನ ಕಟ್ಟನ್ನು ಒಂದೇ ಎಳೆತಕ್ಕೆ ಕೊಯ್ದುಬಿಟ್ಟ. ಯಕೃತ್ತು ಒಂದು ತಟ್ಟೆಗೆ ಹೋಯಿತು, ಕರುಳು ಇನ್ನೊಂದಕ್ಕೆ.

ಹುಬ್ಬುಗಳು ಏರಿದವು. ಅವನು ಸಂತೋಷದಿಂದ ಯಕೃತ್ತನ್ನು ಮಗುಚಿದ.

ಪಿತ್ತಕೋಶವಿದ್ದ ಜಾಗದಲ್ಲಿ ಪಿರೋಷ್ಕಾ ಹಾಕಿದ್ದ ದಾರದ ಗಂಟು ಬಿಗಿಯಾಗಿಯೇ ಇತ್ತು. ಸೋರಿಕೆ ಅಲ್ಲಿಂದಲ್ಲ. ಹಾಗಾದರೆ ಯಕೃತ್ತಿನಿಂದ ಕರುಳಿಗೆ ಇಳಿಯುವ ದೊಡ್ಡ ನಾಳದಿಂದಲೇ. ಕಡ್ಡಿಯ ತುದಿಯಿಂದ ಅದನ್ನು ಹುಡುಕಿದ. ಸಿಕ್ಕಿತು, ಅರ್ಧ. ಉಳಿದರ್ಧ ಇನ್ನೊಂದು ತಟ್ಟೆಯಲ್ಲಿತ್ತು. ಎರಡು ತುದಿಗಳನ್ನೂ ಜೋಡಿಸಿ ನೋಡಿದ. ತೂತು ಇದ್ದದ್ದು ಕೊಯ್ದ ಗೆರೆಯ ಮೇಲೆಯೇ. ಅದರ ಅಂಚು ನುಣುಪಾಗಿದ್ದರೆ ಕತ್ತರಿಯದು, ಕೊಳೆತು ಚಿಂದಿಯಾಗಿದ್ದರೆ ಕಲ್ಲಿನದು. ಈಗ ಅಲ್ಲಿದ್ದ ನುಣುಪು ಎಲೆಮೇರನ ಚೂರಿಯದು.

ಸತ್ತವನ ಮೌನ ಅವನಿಗೆ ರೂಢಿಯಾಗಿತ್ತು. ನಿಂತವರ ಮೌನ ಹೊಸದು.

"ಏನಪ್ಪಾ, ನುಣ್ಣಗಿದೆ ತಾನೆ? ವರದೀಲಿ ಹಾಗಂತ ಬರಿ" ಎಂದ ಕಾರ್ದೋಶ್.

ಬರೆದರೆ ಸುಳ್ಳೂ ಆಗುತ್ತಿರಲಿಲ್ಲ, ನುಣ್ಣಗಿತ್ತಲ್ಲ. ಸತ್ಯವನ್ನೇ ಬರೆದು ಒಬ್ಬಳನ್ನು ಮುಗಿಸುವ ಅವಕಾಶ ಪಂಡಿತರಿಗೆ ಮಾತ್ರ ಸಿಗುವಂಥದ್ದು. ತಾನು ಪಂಡಿತನೆಂದು ಇಡೀ ಜಿಲ್ಲೆ ನಂಬುವಂತೆ ಮಾಡಿದವನೂ ಅವನೇ.

"ಇದನ್ನ ಕೊಯ್ದಿದ್ದು ನಾನು" ಎಂದ ಎಲೆಮೇರ್. "ಗೊಂಚಲಾಗಿ ತೆಗೆದಿದ್ರೆ ಗೊತ್ತಾಗೋದು. ನಾನು ಜಂಬಕ್ಕೆ ಬಿಡಿಸೋಕೆ ಹೋದೆ. ಈಗ ಇದರಿಂದ ಯಾರೂ ಏನೂ ಹೇಳೋಕಾಗಲ್ಲ."

"ಅಷ್ಟು ವರ್ಷದ ಅನುಭವ ಇಟ್ಕೊಂಡು!" ಎಂದ ಕಾರ್ದೋಶ್. "ಕಟುಕನ ಅಂಗಡೀಲೂ ಇದಕ್ಕಿಂತ ನೋಡಿ ಕೊಯ್ತಾರೆ ಮಾರಾಯ."

"ಕಟುಕನಿಗೆ ಪ್ರೇಕ್ಷಕರು ಇರಲ್ಲವಲ್ಲ."

ಒಬ್ಬಿಬ್ಬರು ನಕ್ಕರು. ತಪ್ಪೊಪ್ಪಿಕೊಳ್ಳುವಾಗಲೂ ನಗು ಗಿಟ್ಟಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಳಗೊಳಗೆ ಮಾತ್ರ ಇನ್ನೊಂದು ಲೆಕ್ಕ ನಡೆದಿತ್ತು: ಹುಡುಗಿ ಉಳಿದಳು, ತಾನು ನಗೆಪಾಟಲಾಗಿಯಾದರೂ ಅವಳನ್ನು ಉಳಿಸಿದೆ. ಕೃತಜ್ಞತೆ ಹೇಳಲು ಬರುತ್ತಾಳೆ, ದೊಡ್ಡ ಮನಸ್ಸಿನಿಂದ 'ಪರವಾಗಿಲ್ಲಮ್ಮ' ಎನ್ನಬೇಕು ಎಂದು ಸಿದ್ಧನಾದ.

ಎಲ್ಲರೂ ಹೋದ ಮೇಲೆ ಪಿರೋಷ್ಕಾ ಬಂದಳು. ಅವನು ಕೈ ತೊಳೆಯುತ್ತಿದ್ದ.

"ನೀವು ನನ್ನನ್ನ ಉಳಿಸಿದ್ರಿ ಅಂದ್ಕೊಂಡಿದೀರಿ ಅಲ್ವಾ, ಬಾಚಿ?"

ಅವನು ಉಗುರಿನ ಸಂದುಗಳನ್ನು ಉಜ್ಜತೊಡಗಿದ.

"ಕೊಳೆತಿತ್ತು ಅಂತ ಅವರ ಹತ್ರ ವಾದ ಮಾಡ್ದೆ. ನಂಗೆ ಹಾಗೆ ಕಂಡಿತ್ತು. ಆದ್ರೆ ಒಳಗೆಲ್ಲ ರಕ್ತ, ನನ್ನ ಕೈ ಅವಸರದಲ್ಲಿತ್ತು. ಕಾರ್ದೋಶ್‌ಗೆ ಮಾತ್ರ ಅಲ್ಲ, ನಂಗೂ ಗೊತ್ತಾಗ್ಬೇಕಿತ್ತು. ಗುರುವಾರ ಇನ್ನೊಬ್ಬರ ಪಿತ್ತಕೋಶ ತೆಗೀಬೇಕು. ನನ್ನ ಕೈ ನಂಬಬಹುದಾ ಅಂತ ಈಗ ಯಾರನ್ನ ಕೇಳ್ಲಿ?"

ಸಮಾಧಾನದ ಮಾತುಗಳು ಅವನಿಗೆ ಬೇಕಾದಷ್ಟು ಬರುತ್ತಿದ್ದವು. ಸತ್ತವರ ಮನೆಯವರಿಗೆ ದಿನವೂ ಹೇಳುತ್ತಿದ್ದವೇ. ಅವುಗಳಲ್ಲಿ ಒಂದೂ ಇವಳಿಗೆ ಹೊಂದಲಿಲ್ಲ.

"ನಂಗೊತ್ತಿಲ್ಲಮ್ಮ" ಎಂದ.

ಅವಳು ಇನ್ನೇನಾದರೂ ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಅವನು ಆಗಲೇ ತೊಳೆದಿದ್ದ ಕೈಗೆ ಮತ್ತೆ ಸೋಪು ಹಚ್ಚಿದ. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೂ ನಲ್ಲಿ ನಿಲ್ಲಿಸಲಿಲ್ಲ.