ಗಿರ್ಮಿಟ್‌ಗೆ ಇಳಿದ ಲಾವಂಚ

ಬೆಟಗೇರಿಯ ಬಸ್ ನಿಲ್ದಾಣದ ಹಿಂದೆ ಮೌನೇಶನ ಮಿರ್ಚಿ-ಗಿರ್ಮಿಟ್ ಅಂಗಡಿ. ಎಷ್ಟು ಸೋಪು ತಿಕ್ಕಿದರೂ ಕರಿದ ಎಣ್ಣೆಯ ವಾಸನೆ ಅವನ ಮೈ ಬಿಡುತ್ತಿರಲಿಲ್ಲ. ಹೆಂಡತಿ ಶಿವರಂಜನಿ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಅವನ ಅಂಗಿಗಳನ್ನು ಬೇರೆಯಾಗಿ ನೆನೆಹಾಕುತ್ತಿದ್ದಳು, ಅಷ್ಟೇ. ಅದೇ ಅವನನ್ನು ಕೊರೆಯುತ್ತಿತ್ತು.

ನಾಗಾವಿಯಲ್ಲಿ ಅವಳು ಕೆಲಸ ಮಾಡುವ ಆಫೀಸಿನವರು ಒಂದು ಸಂಜೆ ಚಹಾಕೂಟ ಇಟ್ಟುಕೊಂಡರು. ಗಿರ್ಮಿಟ್ ಮೌನೇಶನದೇ ಆಗಬೇಕೆಂದು ಹಟ ಹಿಡಿದರು. ಅವಳ ಜೊತೆಗಾರರ ಎದುರು ಅವನು ನಿಲ್ಲುವುದು ಅದೇ ಮೊದಲು. ತನ್ನಿಂದ ಅವಳಿಗೆ ನಾಚಿಕೆಯಾಗಬಾರದು ಎಂದುಕೊಂಡು ನೇರ ಫಕ್ರುಸಾಬನ ಅತ್ತರಿನ ಅಂಗಡಿಗೆ ಹೋದ.

“ಗಂಡಸರಿಗೆ ಲಾವಂಚನಽ ಖರೆ,” ಎನ್ನುತ್ತ ಫಕ್ರುಸಾಬ ಸೀಸೆಯ ಬಿರಡೆ ತೆಗೆದ. “ಬೇರಿನ ಎಣ್ಣಿ, ಸ್ಪಿರಿಟ್ ಇಲ್ಲ. ಒಂದಽ ಹನಿ ಸಾಕು. ಅಂಗಿಗೆ ತಾಗಿಸಬ್ಯಾಡ, ಕಲಿ ಬೀಳತೈತಿ.”

“ಎಷ್ಟೊತ್ತು ಇರತೈತಿ ಚಾಚಾ?”

“ಹೋಗು ಅಂದ್ರೂ ಹೋಗೂದಿಲ್ಲೋ!”

ಮೌನೇಶ ಸೀಸೆ ಕೊಂಡು ಒಂದು ಹನಿ ಹಚ್ಚಿ ನೋಡಿದ. ಮೊದಲು ಬರೀ ಮಣ್ಣಿನ ಘಾಟು. ತುಸು ಹೊತ್ತಿಗೆ ಅದು ಬೇಸಿಗೆಯಲ್ಲಿ ಬೇರು ಹಾಕಿಟ್ಟ ಮಡಕೆಯ ನೀರಿನಂತೆ ತಂಪಾಯಿತು. ಚಹಾಕೂಟದ ದಿನ ಬೆಳಿಗ್ಗೆ ಎರಡೂ ಮಣಿಕಟ್ಟಿಗೆ ಧಾರಾಳವಾಗಿ ಸವರಿಕೊಂಡ. ಮಧ್ಯಾಹ್ನದ ಹೊತ್ತಿಗೆ ಪರಿಮಳವೇ ತಿಳಿಯದಾಯಿತು. ಆರಿಹೋಯಿತೆಂದು ಮತ್ತೆ ಸವರಿಕೊಂಡ. ಆರಿರಲಿಲ್ಲ, ಅವನ ಮೂಗಿಗೆ ರೂಢಿಯಾಗಿತ್ತು.

ಸಂಜೆ ಆಫೀಸಿನಲ್ಲಿ ಕೈ ತೊಳೆದು, ಅಗಲ ತಟ್ಟೆಯಂಥ ಪರಾತಕ್ಕೆ ಚುರುಮುರಿ ಸುರಿದು, ಗೊಜ್ಜು, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಹಾಕಿದ. ಗಿರ್ಮಿಟ್‌ಗೆ ಚಮಚ ತಾಗಿಸುವವನಲ್ಲ ಅವನು. ಮಣಿಕಟ್ಟು ಮುಳುಗುವಷ್ಟು ಕೈ ಇಳಿಸಿ, ಬುಡದಿಂದ ಎತ್ತಿ ಎತ್ತಿ ಕಲಸಿದರೇ ಸಮಾಧಾನ.

ಮೊದಲ ತುತ್ತು ಬಾಯಿಗಿಟ್ಟ ಹಿರಿಯ ಗುಮಾಸ್ತ ಮುತ್ತಣ್ಣ ಅಗಿಯುವುದನ್ನೇ ನಿಲ್ಲಿಸಿದರು.

“ಏನ್ರೀ ಶಿವರಂಜನಿ, ನಿಮ್ಮನಿಯವರು ಗಿರ್ಮಿಟ್ ತಿನ್ನಸಾಕತ್ತಾರೋ, ಮದವಿ ಮಂದಿಗೆ ಅತ್ತರ ಹಚ್ಚಾಕತ್ತಾರೋ?”

ಎಲ್ಲರೂ ನಕ್ಕರು. ಮೌನೇಶನ ಕೈ ಪರಾತದಲ್ಲೇ ಉಳಿಯಿತು. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಶಿವರಂಜನಿ ಹತ್ತಿರ ಬಂದಳು. ಎಲ್ಲರ ಎದುರೇ ಅವನ ಮಣಿಕಟ್ಟು ಎತ್ತಿ ಮೂಸಿದಳು.

“ಅಯ್ಯ, ಬಾಟ್ಲಿನಽ ಸುರುವಿಕೊಂಡಾರ!” ಎಂದು ತಾನೂ ನಕ್ಕು, ಬಳೆ ಮೇಲೆ ಸರಿಸಿದಳು. “ಚುರುಮುರಿ ಇನ್ನೂ ಐತ್ಯಲ್ರಿ? ನಾ ಕಲಸತೇನಿ. ನೀವು ನಿಂತು ಹೇಳ್ರಿ.”

“ಬುಡದಿಂದ ಎತ್ತು... ಜಲ್ದಿ, ಮೆತ್ತಗಾಗತೈತಿ... ಅದೇನು ರೊಟ್ಟಿ ಬಡ್ಯಾಕತ್ತೀ?”

ಆಫೀಸಿನವರೆಲ್ಲ ಪರಾತದ ಸುತ್ತ ನೆರೆದರು. ಮುತ್ತಣ್ಣ ಎರಡನೆಯ ಸಲವೂ ತಟ್ಟೆ ಹಿಡಿದು ಬಂದರು.

ಮರಳುವಾಗ ಬೈಕಿನ ಮೇಲೆ ಮೌನೇಶ ಕೇಳಿಯೇ ಬಿಟ್ಟ. “ನಾಚಿಕಿ ಆತೇನು?”

“ಆತು. ನನ್ನ ಗಿರ್ಮಿಟ್‌ನ್ಯಾಗ ಉಪ್ಪು ಹೆಚ್ಚಾಗಿತ್ತು.” ಅವಳು ಅವನ ಭುಜದ ಹತ್ತಿರ ಮುಖ ತಂದಳು. “ವಾಸನಿ ಮಾತ್ರ ಚೊಲೊ ಐತಿ. ಅಂಗಡಿ ಬಂದ್ ಇದ್ದ ದಿನ ಹಚ್ಚಕೊಳ್ರಿ.”