ಬಿಸ್ಕತ್ ಡಬ್ಬದ ನಾಳೆಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಒಂದೇ ಮೇಜು, ಒಂದೇ ಕಿಟಕಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಇಂಗ್ಲಿಷ್ ಎಂದರೆ ಮಾತ್ರ ಆ ಬಾಯಿಗೆ ಬೀಗ ಬೀಳುತ್ತಿತ್ತು.

ಅಂಥವಳು ಐದು ಗಂಟೆಗೆ ಡ್ಯೂಟಿ ಮುಗಿಸಿ, ಎದುರು ಬೀದಿಯ ಬೈಂಡಿಂಗ್ ಅಂಗಡಿಯ ಮಹಡಿ ಹತ್ತಿ ಇಂಗ್ಲಿಷ್ ಕಲಿಯಲು ಹೋಗುತ್ತಾಳೆ ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಲಾಂಡ್ರಿಯ ದಾಖಲೆಗಳನ್ನೆಲ್ಲ ಇನ್ನು ಮುಂದೆ ಇಂಗ್ಲಿಷಿನಲ್ಲಿ ಬರೆಯಬೇಕು, ಬರೆಯಲು ಬಂದವರಿಗೇ ಮೇಲ್ವಿಚಾರಣೆ ಎಂದು ಆಡಳಿತದವರು ಹೇಳಿದ್ದರಿಂದ ಬೇರೆ ದಾರಿ ಇರಲಿಲ್ಲ. ಮೊದಲ ದಿನ ಅವಳು ವಾಪಸ್ ಬಂದಾಗ ಅತ್ತೆ ಕೇಳಿದರು:

"ಏನು ಹೇಳಿಕೊಟ್ರು?"

"ನಾಳೆ ಬಗ್ಗೆ ಹೇಗೆ ಮಾತಾಡೋದು ಅಂತ."

"ನಾಳೆ ಅಂದವನ ಮನೆ ಹಾಳು. ಅದನ್ನ ಕಲಿಯೋಕೆ ಮಹಡಿ ಬೇರೆ ಹತ್ತಬೇಕಾ?"

ಅತ್ತೆಯ ಮಾತಿಗೆ ಎದುರಾಡಿ ಗೆದ್ದವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅವಳು ತಟ್ಟೆ ತೊಳೆದಿಟ್ಟಳು.

ಮಹಡಿಯಲ್ಲಿ ಪಾಠ ಹೇಳುವ ಟೀಚರಮ್ಮ ಶಾಲೆಯಿಂದ ನಿವೃತ್ತರಾಗಿ ಏಳೆಂಟು ವರ್ಷವಾಗಿತ್ತು. ಒಂಟಿ ಜೀವ. ಕಲಿಸುವುದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ಕಲಿಯದವರನ್ನು ಬಿಡುತ್ತಲೂ ಇರಲಿಲ್ಲ. ಅವರ ಮುಂದಿನ ಕೋಣೆಯ ಆರು ಕುರ್ಚಿಗಳಲ್ಲಿ ಆಂಬ್ಯುಲೆನ್ಸ್ ಡ್ರೈವರು, ಗೇಟಿನ ವಾಚ್‌ಮನ್, ಮೂವರು ಆಯಾಗಳು ಮತ್ತು ಇವಳು.

"ನಮ್ಮ ಮಾತಲ್ಲಿ 'ನಾಳೆ ಬರ್ತೀನಿ' ಅಂದ್ರೆ ಮುಗೀತು," ಎಂದು ಟೀಚರಮ್ಮ ಸೀಮೆಸುಣ್ಣ ಹಿಡಿದು ಶುರು ಮಾಡಿದ್ದರು. "ಇಂಗ್ಲಿಷಿಗೆ ಅಷ್ಟು ಸಾಲದು. ಈಗ ತಾನೇ ಮನಸ್ಸಿಗೆ ಬಂದಿದ್ದಕ್ಕೆ, ಮಾತು ಕೊಡೋದಕ್ಕೆ 'ವಿಲ್'. ಮೊದಲೇ ಗಟ್ಟಿ ಮಾಡ್ಕೊಂಡಿದ್ದಕ್ಕೆ 'ಗೋಯಿಂಗ್ ಟು'. ಬಸ್ಸು ಆರಕ್ಕೆ ಹೊರಡೋದು ಯಾರ ಮನಸ್ಸಿನ ಮೇಲೂ ನಿಂತಿಲ್ಲ, ಅದಕ್ಕೆ ಬರೀ 'ಲೀವ್ಸ್'. ತಲೆ ಕೆಡಿಸ್ಕೋಬೇಡಿ, ಬರೀತಾ ಬರೀತಾ ಬರುತ್ತೆ."

ಬರೆಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ನಾಳೆ ತಾವು ಮಾಡುವ ಒಂದು ಕೆಲಸವನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಮೇಜಿನ ಮೇಲಿನ ತಗಡಿನ ಬಿಸ್ಕತ್ ಡಬ್ಬದೊಳಗೆ ಹಾಕಬೇಕು. ಮಾರನೆಯ ದಿನ ಐದು ಗಂಟೆಗೆ ಡಬ್ಬ ತೆರೆಯುತ್ತಾರೆ. ಹೇಳಿದ್ದು ನಡೆದಿದ್ದರೆ ರೈಟ್ ಮಾರ್ಕು. ನಡೆಯದಿದ್ದರೆ ಇಂಟು ಮಾರ್ಕು, ಜೊತೆಗೆ ಎದ್ದು ನಿಂತು ಯಾಕೆ ನಡೆಯಲಿಲ್ಲವೆಂದು ಮೂರು ವಾಕ್ಯ ಇಂಗ್ಲಿಷಿನಲ್ಲಿ ಹೇಳಬೇಕು. ಬೈಗುಳ ಇಲ್ಲ, ದಂಡ ಇಲ್ಲ, ಮೂರು ವಾಕ್ಯ ಅಷ್ಟೇ.

ಇಸ್ತ್ರಿ ಅಕ್ಕನಿಗೆ ಬರೆಯುವುದು ಹೇಗೋ ಆಗುತ್ತಿತ್ತು. ಎದ್ದು ನಿಂತು ಹೇಳುವುದನ್ನು ನೆನೆಸಿಕೊಂಡರೇ ಅಂಗೈ ಬೆವರುತ್ತಿತ್ತು. ಮೊದಲ ದಿನ ಯೋಚಿಸಿ ಯೋಚಿಸಿ, ಎಂದೂ ತಪ್ಪದ ಒಂದು ಸಂಗತಿ ಬರೆದಳು: ಟುಮಾರೋ ದ ಸನ್ ವಿಲ್ ರೈಸ್.

ಮಾರನೆಯ ದಿನ ಡಬ್ಬ ತೆರೆದ ಟೀಚರಮ್ಮ ಚೀಟಿ ಓದಿ ಕನ್ನಡಕದ ಮೇಲಿಂದ ನೋಡಿದರು. "ಸೂರ್ಯನ ಕೆಲಸ ಸೂರ್ಯ ಮಾಡ್ಕೋತಾನೆ ಕಣೇ. ನಿಂದು ಹೇಳು."

ಎಲ್ಲರೂ ನಕ್ಕರು. ಆ ರಾತ್ರಿ ಅವಳಿಗೊಂದು ಉಪಾಯ ಹೊಳೆಯಿತು. ಮಾರನೆಯ ದಿನ ಊಟದ ಹೊತ್ತನ್ನೂ ಬಿಡದೆ ಇಸ್ತ್ರಿ ಮಾಡಿದಳು. ದಿನದ ಲೆಕ್ಕದ ಅರವತ್ತು ಬೆಡ್‌ಶೀಟು ಮುಗಿದ ಮೇಲೆ ಇನ್ನೂ ಅರವತ್ತು ಮಡಿಚಿ, ಮೂಲೆಯಲ್ಲಿದ್ದ ಹಳೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಮಹಡಿ ಹತ್ತಿ ಬರೆದಳು: ಟುಮಾರೋ ಐ ವಿಲ್ ಐರನ್ ಸಿಕ್ಸ್ಟಿ ಶೀಟ್ಸ್. ಇನ್ನು ನಾಳೆ ಕರೆಂಟು ಹೋಗಲಿ, ಜ್ವರ ಬರಲಿ, ಅರವತ್ತಂತೂ ಸಿದ್ಧ.

ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ? ಅತ್ತೆಗೆ ಹೊಸ ಕನ್ನಡಕ ತರುತ್ತೇನೆ ಎಂದು ಬರೆದ ದಿನ ಕನ್ನಡಕ ಅವಳ ಚೀಲದಲ್ಲೇ ಇತ್ತು. ಪರದೆ ಹೊಲಿಯುತ್ತೇನೆ ಎಂದು ಬರೆದಾಗ ಪರದೆ ಆಗಲೇ ಕಿಟಕಿಯಲ್ಲಿ ತೂಗುತ್ತಿತ್ತು. ಮೊದಲು ಮಾಡುವುದು, ಆಮೇಲೆ 'ಮಾಡುತ್ತೇನೆ' ಎಂದು ಬರೆಯುವುದು. ಎರಡು ವರ್ಷದಲ್ಲಿ ಅವಳ ಚೀಟಿಗೆ ಒಂದೇ ಒಂದು ಇಂಟು ಮಾರ್ಕು ಬೀಳಲಿಲ್ಲ. ಆಂಬ್ಯುಲೆನ್ಸ್ ಡ್ರೈವರು ಬೀಡಿ ಬಿಡುತ್ತೇನೆಂದು ನಲವತ್ತು ಸಲ ಬರೆದು, ನಲವತ್ತು ಸಲ ಎದ್ದು ನಿಂತು, ಆ ನೆಪದಲ್ಲಿ ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡಲು ಕಲಿತಿದ್ದ. ಬೀಡಿ ಮಾತ್ರ ಬಿಟ್ಟಿರಲಿಲ್ಲ.

"ಇವಳನ್ನ ನೋಡಿ ಕಲೀರಿ," ಎನ್ನುತ್ತಿದ್ದರು ಟೀಚರಮ್ಮ. "ಆಡಿದ ಮಾತು ಒಂದು ದಿನ ತಪ್ಪಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಆಗೆಲ್ಲ ಬೀರುವಿನ ಬೀಗದ ಕೈ ಸೊಂಟದಲ್ಲಿದೆಯೇ ಎಂದು ತಡವಿಕೊಳ್ಳುತ್ತಿದ್ದಳು.

ಒಮ್ಮೆ ಲಾಂಡ್ರಿಯ ಬಾಯ್ಲರ್ ಕೆಟ್ಟಿತು. ಒಂದೂವರೆ ದಿನ ಒಗೆತವೂ ಇಲ್ಲ, ಇಸ್ತ್ರಿಯೂ ಇಲ್ಲ. ಶೀಟಿಲ್ಲದೆ ಆಪರೇಷನ್‌ಗಳನ್ನು ಮುಂದೂಡಬೇಕು ಎಂದು ಮೇಲಿನವರು ತಲೆಯ ಮೇಲೆ ಕೈ ಹೊತ್ತು ಕೂತಾಗ, ಇಸ್ತ್ರಿ ಅಕ್ಕ ಹೋಗಿ ಬೀರು ತೆರೆದಳು. ಒಂದು ತಿಂಗಳಲ್ಲಿ ಮೇಲ್ವಿಚಾರಕಿಯ ಕುರ್ಚಿಗೆ ಅವಳನ್ನೇ ಕರೆದರು. ಸಂದರ್ಶನದಲ್ಲಿ ಮಷಿನ್ ಮತ್ತೆ ಕೆಟ್ಟರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಐ ವಿಲ್ ಕೀಪ್ ಸಿಕ್ಸ್ಟಿ ಶೀಟ್ಸ್ ರೆಡಿ, ಎವ್ರಿ ಡೇ, ಎಂದಳು. ಕೂತೇ ಹೇಳುವುದಾದ್ದರಿಂದ ಬದುಕಿಕೊಂಡಳು.

ಕುರ್ಚಿ ಸಿಕ್ಕ ದಿನ ಅವಳು ಟೀಚರಮ್ಮನ ಕಾಲ ಬಳಿ ಕೂತು ಅತ್ತುಬಿಟ್ಟಳು. ಅಂದಿನಿಂದ ವಾರಕ್ಕೊಮ್ಮೆ ಅವರ ಪರದೆ, ದಿಂಬಿನ ಚೀಲಗಳನ್ನೆಲ್ಲ ಒಯ್ದು ಗರಿಗರಿಯಾಗಿ ಇಸ್ತ್ರಿ ಮಾಡಿ ತಂದಿಡುತ್ತಿದ್ದಳು. ಎಷ್ಟು ತಂದಿಟ್ಟರೂ ಋಣ ತೀರಿತು ಅನ್ನಿಸುತ್ತಿರಲಿಲ್ಲ, ಮಾಡಿದ ಮೋಸ ಹೇಳಿಕೊಳ್ಳಲು ಬಾಯಿಯೂ ಬರುತ್ತಿರಲಿಲ್ಲ.

ಹೀಗಿರುವಾಗ ಟೀಚರಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೃದಯದ ಕವಾಟ ಸವೆದಿದೆ, ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಇದೇ ಆಸ್ಪತ್ರೆ, ಎರಡನೇ ಮಹಡಿಯ ವಾರ್ಡು. ಆಪರೇಷನ್ನಿನ ಹಿಂದಿನ ಸಂಜೆ ಇಸ್ತ್ರಿ ಅಕ್ಕ ಹೋದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಸ್ಕತ್ ಡಬ್ಬ ಇತ್ತು. ವಾಚ್‌ಮನ್ ಕೈಲಿ ತರಿಸಿಕೊಂಡಿದ್ದರು.

"ಕೂತ್ಕೋ. ಒಂದು ಕೆಲಸ ಆಗಬೇಕು ನಿನ್ನಿಂದ."

"ಹೇಳಿ ಟೀಚರ್."

ಎರಡು ವರ್ಷದಲ್ಲಿ ಒಂದು ದಿನವೂ ಅಳುಕದ ಆ ಹೆಂಗಸಿನ ಕೈ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು. "ನಂಗೆ ಭಯ ಆಗ್ತಿದೆ ಕಣೇ. ನಗಬೇಡ. ಡಾಕ್ಟ್ರು ಏನೇನೋ ಧೈರ್ಯ ಹೇಳಿದ್ರು, ಒಂದೂ ತಲೆಗೆ ಹೋಗ್ಲಿಲ್ಲ. ನೀನು ಬರೆದಿದ್ದು ಯಾವತ್ತೂ ತಪ್ಪಿಲ್ಲ. ನಾಳೆ ನಾನು ಎದ್ದೇಳ್ತೀನಿ ಅಂತ ಒಂದು ಚೀಟಿ ಬರೆದು ಡಬ್ಬಕ್ಕೆ ಹಾಕು. ಅದನ್ನ ನಂಬ್ಕೊಂಡು ಒಳಗೆ ಹೋಗ್ತೀನಿ."

ಚೀಟಿ, ಪೆನ್ನು ಎರಡನ್ನೂ ಅವಳ ಕೈಗಿತ್ತರು.

ಬರೆದುಬಿಡುವುದೇನು ಕಷ್ಟ? ನಾಲ್ಕು ಪದ. ಆದರೆ ಯಾವ ಬೀರುವಿನಲ್ಲಿ ಏನನ್ನು ಮೊದಲೇ ಮಡಿಚಿಟ್ಟು ಬಂದಿದ್ದಾಳೆಂಬ ಧೈರ್ಯದಲ್ಲಿ ಬರೆಯುವುದು? ಬರೆದರೆ, ತನಗೆ ಅನ್ನದ ದಾರಿ ತೋರಿಸಿದ ಜೀವವನ್ನು ಸುಳ್ಳಿನ ಊರುಗೋಲು ಕೊಟ್ಟು ಕಳಿಸಿದ ಹಾಗೆ. ನಿಜ ಹೇಳಿದರೆ, ಇದ್ದ ಒಂದು ಊರುಗೋಲನ್ನೂ ಕಿತ್ತುಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ. ಪೆನ್ನು ಕಾಗದ ಮುಟ್ಟಲೇ ಇಲ್ಲ.

"ಟೀಚರ್, ನಾನು ನಿಮಗೆ ಮೋಸ ಮಾಡಿದ್ದೀನಿ," ಎಂದಳು.

ಹೇಳಲು ಶುರು ಮಾಡಿದ ಮೇಲೆ ತಡೆಯಿಲ್ಲ. ಬೀರು, ಅರವತ್ತು ಶೀಟು, ಚೀಲದಲ್ಲಿದ್ದ ಕನ್ನಡಕ, ತೂಗುತ್ತಿದ್ದ ಪರದೆ, ಒಂದನ್ನೂ ಬಿಡಲಿಲ್ಲ. "ಎದ್ದು ನಿಂತು ಮಾತಾಡೋಕೆ ಹೆದರಿಕೆ ಟೀಚರ್. ಅದಕ್ಕೆ ಮಾಡಿಟ್ಟು ಬರೀತಿದ್ದೆ. ನಾಳೆ ಏನಾಗುತ್ತೆ ಅಂತ ನಂಗೆ ಯಾವತ್ತೂ ಗೊತ್ತಿರ್ಲಿಲ್ಲ."

ಟೀಚರಮ್ಮ ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡರು. ಮುಗಿಯಿತು, ಬೆಳಿಗ್ಗೆ ಒಳಗೆ ಹೋಗುವವರ ಧೈರ್ಯವನ್ನೇ ಮುರಿದೆ ಎಂದುಕೊಂಡಳು ಅವಳು. ಅಷ್ಟರಲ್ಲಿ ಹೊದಿಕೆ ಅಲುಗಾಡಿತು. ಅವರು ನಗುತ್ತಿದ್ದರು.

"ಅಲ್ವೇ, ಎಲ್ಲಾ ಮೊದಲೇ ಗಟ್ಟಿ ಮಾಡ್ಕೊಂಡು 'ವಿಲ್' ಅಂತ ಬರೆದೆಯಲ್ಲೇ! 'ಗೋಯಿಂಗ್ ಟು' ಅಂತ ಬರೀಬೇಕಿತ್ತು. ಎರಡು ವರ್ಷ ಸುಮ್ಮನೆ ರೈಟ್ ಮಾರ್ಕು ಹಾಕಿದ್ದೀನಿ ನಿನಗೆ."

"ಕೋಪ ಇಲ್ವಾ ಟೀಚರ್?"

"ಇದೆ. ಎದ್ದು ಬಂದ ಮೇಲೆ ಮಾಡ್ಕೋತೀನಿ." ಅವರು ಕಣ್ಣೊರೆಸಿಕೊಂಡರು. "ನೋಡು, ನೀನೂ ಹೆದರಿದ್ದೆ ಅಂತ ಗೊತ್ತಾಗಿದ್ದೇ ನಂಗೆ ಆರಾಮಾಯ್ತು. ಈಗ ಬರಿ. ಮೊದಲೇ ಮಾಡಿಡೋಕೆ ಆಗದ್ದನ್ನ ಬರಿ. ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಆದ್ರೂ ಬರಿ."

ಅವಳು ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು: ಟುಮಾರೋ ಅಟ್ ಫೈವ್ ಯು ವಿಲ್ ಓಪನ್ ದಿಸ್ ಬಾಕ್ಸ್. ನಾಳೆ ಐದಕ್ಕೆ ಈ ಡಬ್ಬವನ್ನು ನೀವೇ ತೆರೆಯುತ್ತೀರಿ. ಅಕ್ಷರಗಳು ಅಂಕುಡೊಂಕಾಗಿದ್ದವು. ಟೀಚರಮ್ಮ ಓದಿ, ಮಡಿಚಿ, ತಾವೇ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದರು.

ಮಾರನೆಯ ದಿನ ಬೆಳಿಗ್ಗೆ ಥಿಯೇಟರಿಗೆ ಹೋಗುವ ಶೀಟುಗಳನ್ನು ಮೇಲ್ವಿಚಾರಕಿಯೇ ಇಸ್ತ್ರಿ ಮಾಡಿದಳು. ಒಂದು ಸುಕ್ಕೂ ಉಳಿಯಲಿಲ್ಲ. ಅವಳ ಕೈಲಾಗುವುದು ಅಷ್ಟೇ ಇತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಐಸಿಯು ಬಾಗಿಲ ಮುಂದೆ ನಿಂತಳು. ಐದು ಹೊಡೆಯಿತು. ನರ್ಸಮ್ಮ ಹೊರಗೆ ಬಂದು, "ಆಪರೇಷನ್ ಮುಗಿದಿದೆ ಅಕ್ಕ, ಆದ್ರೆ ಅಂದುಕೊಂಡಿದ್ದಕ್ಕಿಂತ ಹೊತ್ತು ಹಿಡೀತು. ಇನ್ನೂ ಎಚ್ಚರ ಆಗಿಲ್ಲ," ಎಂದಳು. ಐದೂವರೆ. ಆರು. ಡಬ್ಬ ತೆರೆಯಬೇಕಾದವರು ಗಾಜಿನಾಚೆ ಕಣ್ಣು ಮುಚ್ಚಿ ಮಲಗಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಬರೆದದ್ದು ತಪ್ಪಿತ್ತು, ಅದೂ ಇವತ್ತೇ ತಪ್ಪಬೇಕಿತ್ತೇ!

ಮನೆಗೆ ಬಂದು ಡಬ್ಬವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಗೋಡೆಗೊರಗಿದಳು. ಟೀಚರಿಗೆ ಇನ್ನೂ ಎಚ್ಚರ ಆಗಿಲ್ಲ ಎಂದಳು. ಅತ್ತೆ ಬಿಸಿ ಹಾಲಿನ ಲೋಟ ತಂದು ಕೈಗಿಟ್ಟು, ತಲೆ ಸವರಿದರು.

"ನಾಳೆ ಎದ್ದೇಳ್ತಾರೆ ಬಿಡೇ," ಎಂದರು.

ನಾಳೆ ಅಂದವನ ಮನೆ ಹಾಳು ಎನ್ನುತ್ತಿದ್ದ ಬಾಯಿ ಅದು. ಅವಳಿಗೆ ಅಳು ಬಂತು, ಜೊತೆಗೆ ಅತ್ತೆಯ ಮೇಲೆ ಎಂದೂ ಇಲ್ಲದ ಅಕ್ಕರೆಯೂ ಬಂತು.

ಮರುದಿನ ಐದಕ್ಕೆ ಅವಳು ಮತ್ತೆ ಅದೇ ಬಾಗಿಲಲ್ಲಿ, ಕಂಕುಳಲ್ಲಿ ಅದೇ ಡಬ್ಬ. ನರ್ಸಮ್ಮ ಈ ಸಲ ಬಾಗಿಲು ತೆರೆದು ಹಿಡಿದಳು. "ಎರಡೇ ನಿಮಿಷ. ಮಧ್ಯಾಹ್ನದಿಂದ ಡಬ್ಬ ಡಬ್ಬ ಅಂತಿದ್ದಾರೆ, ನಮಗೆ ಅರ್ಥಾನೇ ಆಗ್ಲಿಲ್ಲ."

ಟೀಚರಮ್ಮ ಬಿಳಚಿಕೊಂಡಿದ್ದರು, ಮೈತುಂಬ ನಳಿಕೆಗಳು. ಕಣ್ಣು ಮಾತ್ರ ತೆರೆದಿತ್ತು, ನೇರ ಡಬ್ಬದ ಮೇಲಿತ್ತು. ಇಸ್ತ್ರಿ ಅಕ್ಕ ಡಬ್ಬ ಹಿಡಿದುಕೊಂಡಳು, ಅವರು ಬೆರಳಿನಿಂದ ಮುಚ್ಚಳ ಎತ್ತಿದರು. ಚೀಟಿ ಬಿಡಿಸಿ ಮುಖದ ಮುಂದೆ ಹಿಡಿದಳು. ಅವರು ಓದಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ಚೀಟಿ ನೋಡಿದರು.

"ನಿನ್ನೆ ಅಲ್ವಾ ಇದು?" ದನಿ ಪಿಸುಮಾತಿನಷ್ಟಿತ್ತು. "ತಪ್ಪಿದೆ. ಎದ್ದು ನಿಂತ್ಕೋ."

"ನಿಂತೇ ಇದ್ದೀನಿ ಟೀಚರ್."

"ಹಾಗಾದ್ರೆ ಹೇಳು."

ಪಕ್ಕದ ಮಂಚದವರ ಮಗಳು ತಿರುಗಿ ನೋಡಿದಳು. ಇಬ್ಬರು ನರ್ಸಮ್ಮಂದಿರು ಕೆಲಸ ನಿಲ್ಲಿಸಿದರು. ಇಸ್ತ್ರಿ ಅಕ್ಕನ ಅಂಗೈ ಎಂದಿನಂತೆ ಬೆವರಿತು. ಆದರೂ ಡಬ್ಬವನ್ನು ಎದೆಗವಚಿಕೊಂಡು, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ಯೆಸ್ಟರ್‌ಡೇ ಯು ವರ್ ಸ್ಲೀಪಿಂಗ್. ಟುಡೇ ಯು ಓಪನ್ಡ್ ದ ಬಾಕ್ಸ್. ಐ ಆಮ್ ರಾಂಗ್, ಅಂಡ್ ಥ್ಯಾಂಕ್ ಯು, ಟೀಚರ್."

ನಿನ್ನೆ ನಿದ್ದೆಯಲ್ಲಿದ್ದಿರಿ, ಇವತ್ತು ತೆರೆದಿರಿ, ನಂದು ತಪ್ಪು, ನಿಮ್ಮಿಂದ ಉಪಕಾರವಾಯಿತು. ಎರಡು ವರ್ಷ ಹೆದರಿದ್ದು ಇಷ್ಟಕ್ಕೇನಾ ಅನ್ನಿಸಿತು ಅವಳಿಗೆ. ತಾನು ತಪ್ಪಿದ್ದಕ್ಕೆ, ಅದನ್ನು ತನ್ನಿಂದ ಹೇಳಿಸಲು ಅವರು ಕಣ್ಣು ಬಿಟ್ಟದ್ದಕ್ಕೆ, ಕೈ ಮುಗಿಯಬೇಕೆನ್ನಿಸಿತು. ಡಬ್ಬ ಇದ್ದುದರಿಂದ ಮುಗಿಯಲಾಗಲಿಲ್ಲ.

ಟೀಚರಮ್ಮ ಪೆನ್ನಿಗೆ ಕೈ ಚಾಚಿದರು. ಚೀಟಿಯ ಮೂಲೆಯಲ್ಲಿ ಒಂದು ಸಣ್ಣ ಇಂಟು ಮಾರ್ಕು ಹಾಕಿದರು. ಅವಳ ಪಾಲಿಗೆ ಅದು ಮೊದಲನೆಯದು.

"ನಾಳೇದು ಬರಿ," ಎಂದರು.

ಅವಳು ಚೀಟಿ ಮಗುಚಿ, ಏನನ್ನೂ ಮಾಡಿಟ್ಟುಕೊಳ್ಳದೆ, ಮನಸ್ಸಿಗೆ ಬಂದದ್ದನ್ನು ಬರೆದಳು: ಟುಮಾರೋ ಯು ವಿಲ್ ಸ್ಕೋಲ್ಡ್ ಮಿ. ನಾಳೆ ನೀವು ನನ್ನನ್ನು ಬಯ್ಯುತ್ತೀರಿ.

ಟೀಚರಮ್ಮ ಅದನ್ನು ಓದಿದರು. "ಇದೇನೇ ಅಕ್ಷರ? ಕೋಳಿ ಕೆದರಿದ ಹಾಗೆ. ಎರಡು ವರ್ಷ ಮಾಡಿದ ಮೋಸ ಸಾಲ್ದು ಅಂತ ಇದೊಂದು," ಎಂದು ಶುರು ಮಾಡಿದವರು, ನರ್ಸಮ್ಮ ಬಂದು ಸಾಕು ಎನ್ನುವವರೆಗೂ ಬಿಡಲಿಲ್ಲ. ನಾಳೆಯ ಕೆಲಸವನ್ನು ಇವತ್ತೇ ಮುಗಿಸಿಟ್ಟರು.